ಕೋಡಿ ಬಿದ್ದ ವರ್ಷ

ಹಿರಿಯೂರಿನ ಹೊರವಲಯದಲ್ಲಿ ಹೊಸದೊಂದು ಬಡಾವಣೆಯಿದೆ. ಅದರ ಮೂರನೆಯ ಅಡ್ಡರಸ್ತೆ ಒಂದು ಕಾಲಕ್ಕೆ ನಮ್ಮ ತೋಟದ ಬದುವಾಗಿತ್ತೆಂದರೆ ಅಲ್ಲಿಯ ಹುಡುಗರು ನಗುತ್ತಾರೆ. ಮರವೇ ಇಲ್ಲದ ಕಡೆ ತೆಂಗಿನ ಮಾತೆತ್ತುವ ಮೇಷ್ಟರನ್ನು ಕಂಡು ನಗದೆ ಇನ್ನೇನು ಮಾಡಿಯಾರು?

ಎರಡೆಕರೆ ತೋಟವದು. ಅದಕ್ಕೆ ಜೀವ ಕೊಟ್ಟದ್ದು ಮಾರಿಕಣಿವೆ. ಬಾಬಾಬುಡನ್‌ಗಿರಿಯ ಕಡೆಯಿಂದ ಹೊಸದುರ್ಗದ ಸೀಮೆ ಹಾದು ಬರುವ ವೇದಾವತಿಗೆ, ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿದು ವಾಣಿವಿಲಾಸ ಸಾಗರವೆನಿಸಿತು. ನಾಲೆಯ ನೀರನ್ನು ನಂಬಿ ತಾತ ತೆಂಗು ನೆಟ್ಟರು. ಸಾಲುಗಳ ನಡುವೆ ಬದನೆ, ಮೆಣಸಿನಕಾಯಿ, ಸೊಪ್ಪು ಬೆಳೆದರು. ನೀರುಗಂಟಿ ನಮ್ಮ ಪಾಳಿಗೆ ನೀರು ಬಿಟ್ಟ ರಾತ್ರಿ ನಾನು ಲಾಂದ್ರ ಹಿಡಿದು ನಿಲ್ಲುತ್ತಿದ್ದೆ. ಅಪ್ಪ ಸಲಿಕೆಯಿಂದ ಪಾತಿಯಿಂದ ಪಾತಿಗೆ ನೀರು ತಿರುಗಿಸುತ್ತಿದ್ದರು. ನಸುಕಿನಲ್ಲಿ ಅವ್ವ ಸೊಪ್ಪಿನ ಕಟ್ಟುಗಳನ್ನು ಹೊತ್ತು ಪೇಟೆಗೆ ಹೊರಡುತ್ತಿದ್ದಳು. ನನ್ನ ಎಂ.ಎ. ಓದಿನ ಹಣದಲ್ಲಿ ಆ ಸೊಪ್ಪಿನ ಕಾಸೂ ಸೇರಿತ್ತು.

ಆಮೇಲೆ ಬರ ಬಂದಿತು. 2017ರ ಹೊತ್ತಿಗೆ ಜಲಾಶಯ ತಳ ಕಂಡಿತು. ನಾಲೆಯಲ್ಲಿ ಜಾಲಿ ಬೆಳೆಯಿತು. ಸಾಲ ಮಾಡಿ ಕೊಳವೆಬಾವಿ ಕೊರೆಸಿದೆವು, ಬರಿಯ ಧೂಳೆದ್ದಿತು. ಗರಿಗಳು ಒಂದೊಂದಾಗಿ ಜೋತುಬಿದ್ದು ಮರಗಳು ಕಂಬಗಳಾದವು. ಸೈಟು ಮಾಡುವವರು ಮನೆ ಬಾಗಿಲಿಗೆ ಬಂದರು. ಅಪ್ಪ, "ಇನ್ನೆರಡು ವರ್ಷ ತಡಿಯಪ್ಪ, ಕಣಿವೆ ನೀರು ಬಂದೇ ಬರುತ್ತೆ" ಎಂದರು. ನಾನು ಓದಿದವನಲ್ಲವೇ? ಕಟ್ಟಿದಂದಿನಿಂದ ಅದು ಕೋಡಿ ಬಿದ್ದದ್ದು 1933ರಲ್ಲಿ ಒಂದೇ ಸಲವೆಂದು ಲೆಕ್ಕ ಹೇಳಿ ಅವರ ಬಾಯಿ ಮುಚ್ಚಿಸಿದೆ. 2018ರಲ್ಲಿ ಅಪ್ಪ ಪತ್ರಕ್ಕೆ ರುಜು ಹಾಕಿದರು. ಮರುವರ್ಷ ತೀರಿಕೊಂಡರು.

ಭದ್ರೆಯ ನೀರು ಬಂದು ಸೇರಿತು, ಮಳೆಯೂ ಕೂಡಿಬಂತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ಜಲಾಶಯ ಕೋಡಿ ಬಿದ್ದಿತು. ಊರೆಲ್ಲ ಜಾತ್ರೆಗೆಂಬಂತೆ ನೋಡಲು ಹೊರಟಿತು. ನನಗೆ ಹೋಗುವ ಮುಖವಿರಲಿಲ್ಲ. ಕಾಲು ತಾನಾಗಿ ಬಡಾವಣೆಯ ಕಡೆ ನಡೆಯಿತು.

ಮಳೆಯ ನೀರು ಮೂರನೆಯ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ನಿಂತಿತ್ತು. ಹಿರಿಯರೊಬ್ಬರು ಬಾಗಿಲಿಗೆ ಮರಳಿನ ಚೀಲ ಅಡ್ಡವಿಡುತ್ತ, "ಊರೆಲ್ಲ ಬಿಟ್ಟು ಈ ನೀರು ಇಲ್ಲಿಗೇ ಯಾಕೆ ಬಂತು ಸಾರ್?" ಎಂದರು. ಅವರ ಮೆಟ್ಟಿಲು ಇದ್ದದ್ದು ನಮ್ಮ ತೋಟದ ಕಾಲುವೆಯ ಮೇಲೆ. ಹೇಳಲು ಬಾಯಿ ಬರಲಿಲ್ಲ. ಪಂಚೆ ಎತ್ತಿ ಕಟ್ಟಿ, ಅವರ ಸಲಿಕೆ ಈಸಿಕೊಂಡು, ಪಕ್ಕದ ಖಾಲಿ ನಿವೇಶನದ ಅಂಚು ಕಡಿದು ನೀರಿಗೆ ದಾರಿ ಮಾಡಿದೆ.

"ಕೈಗೆ ರೂಢಿ ಇದ್ದಂಗಿದೆ ಸಾರ್, ಏನು ಕೆಲಸ ತಮ್ಮದು?" ಎಂದರು.

"ಕನ್ನಡ ಮೇಷ್ಟ್ರು" ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

2025ರ ಜನವರಿಯಲ್ಲಿ ಕಣಿವೆ ಮತ್ತೆ ಕೋಡಿ ಬಿದ್ದಿತು. ಈ ಸಲ ಹೋಗಿ ನೋಡಿ ಬಂದೆ. ನಮ್ಮ ಮನೆಯ ಹಿತ್ತಿಲಲ್ಲಿ ಈಗ ಒಂದು ತೆಂಗಿನ ಸಸಿಯಿದೆ. ಅದಕ್ಕೆ ನಲ್ಲಿಯ ನೀರು.