ಗಿಳಿಪಾಠ

ಈ ಸ್ಮರಣ ಸಂಚಿಕೆಗೆ ನಾವು ಒಂದು ಲೇಖನವನ್ನು ಕೊಡಲೇಬೇಕೆಂದೂ, ಅದು ಪರೀಕ್ಷಾ ಫಲಿತಾಂಶಗಳ ವರದಿಯಾಗಿರಕೂಡದೆಂದೂ ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ನಮಗೆ ಕಟ್ಟಪ್ಪಣೆ ಮಾಡಿರುವರು. ವರದಿಯು ಬೇರೊಂದು ಪುಟದಲ್ಲಿ ಬರುವುದಷ್ಟೆ. ಆದುದರಿಂದ ನಮ್ಮ ಮನೆಯಲ್ಲಿರುವ ಎರಡು ಹಕ್ಕಿಗಳ ದಿನಚರಿಯನ್ನೂ, ಅವುಗಳ ಸಹವಾಸದಲ್ಲಿ ಕಲಿಕೆಯ ವಿಷಯವಾಗಿ ನಮಗೆ ತೋರಿದ ಒಂದೆರಡು ಮಾತುಗಳನ್ನೂ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಇಡುವೆವು.

ಉಪಾಧ್ಯಾಯರ ಬಾಯಲ್ಲಿ ‘ಗಿಳಿಪಾಠ’ ಎಂಬುದು ಹೊಗಳಿಕೆಯ ಮಾತಲ್ಲ. ಅರ್ಥವನ್ನರಿಯದೆ ಉತ್ತರವನ್ನು ಉರುಹೊಡೆದು ಒಪ್ಪಿಸುವ ಹುಡುಗಿಗೆ ಹಾಗೆನ್ನುವುದು ವಾಡಿಕೆ. ಆದರೆ ನಮ್ಮ ಪೂರ್ವಿಕರು ಗಿಳಿಯನ್ನು ಅಷ್ಟು ಹಗುರವಾಗಿ ಎಣಿಸಿದವರಲ್ಲ. ಬಾಣಭಟ್ಟನ ‘ಕಾದಂಬರಿ’ಯಲ್ಲಿಯೂ ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿಯೂ ಶೂದ್ರಕ ರಾಜನ ಸಭೆಗೆ ಬಂದು ಕಥೆಯನ್ನು ತೊಡಗುವುದು ವೈಶಂಪಾಯನನೆಂಬ ಗಿಳಿಯೇ. ಈ ಎರಡು ಎಣಿಕೆಗಳಲ್ಲಿ ಯಾವುದು ಸತ್ಯಕ್ಕೆ ಸಮೀಪವೆಂಬುದನ್ನು ನಾಲ್ಕು ವರ್ಷಗಳಿಂದ ನಮ್ಮ ಮನೆಯ ನಡುಕೋಣೆಯಲ್ಲಿಯೇ ಪರೀಕ್ಷಿಸುವ ಸಂದರ್ಭವು ನಮಗೆ ದೊರೆತಿರುವುದು.

ನಮ್ಮ ಹಕ್ಕಿಗಳು ಈ ನಾಡಿನ ಗಿಳಿಗಳಲ್ಲ. ಕಾಕಟೀಲ್ ಎಂಬ ಜಾತಿಯವು. ಗಿಳಿಗಳ ದೊಡ್ಡ ಬಳಗಕ್ಕೆ ಸೇರಿದ ಇವುಗಳ ತವರು ಆಸ್ಟ್ರೇಲಿಯಾದ ಒಣನೆಲ. ಬೂದುಬಣ್ಣದ ಮೈ, ತಲೆಯ ಮೇಲೊಂದು ಜುಟ್ಟು, ಕೆನ್ನೆಯಲ್ಲಿ ಕುಂಕುಮದ ಬೊಟ್ಟಿನಂತಹ ಕಿತ್ತಳೆಯ ಗುರುತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ಪರದೇಶಕ್ಕೆ ಹೊರಡುವಾಗ ಇವುಗಳನ್ನು ನಮ್ಮ ವಶಕ್ಕೆ ಒಪ್ಪಿಸಿದಳು. ಬೋರ್ಡಿಂಗಿನ ಮಕ್ಕಳು ಗಂಡಿಗೆ ಚಿನ್ನಪ್ಪನೆಂದೂ ಹೆಣ್ಣಿಗೆ ಮುತ್ತಮ್ಮನೆಂದೂ ಹೆಸರಿಟ್ಟರು.

“ಮೇಡಂ, ನಮ್ಮ ಹಸುರು ಗಿಳಿಯನ್ನೇ ಏಕೆ ಸಾಕಬಾರದು?” ಎಂದು ಮಕ್ಕಳು ಆಗಾಗ ಕೇಳುವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮ ತೋಟ ಕಾಡುಗಳ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧವಾಗಿರುವುದು. ಕಾಯಿದೆಯ ಮಾತು ಹಾಗಿರಲಿ. ಶಾಲೆಯ ಹಿಂದಿನ ಹಳೆಯ ಮರದ ಪೊಟರೆಯಲ್ಲಿ ಕೆಂಪು ಕೊಕ್ಕಿನ ಗಿಳಿಗಳು ಗೂಡುಮಾಡಿ ಮರಿಗಳಿಗೆ ಗುಟುಕು ಕೊಡುವುದನ್ನು ಜೀವಶಾಸ್ತ್ರದ ತರಗತಿಯವರು ದೂರದಿಂದ ನಿಂತು ನೋಡಿ ಬರೆದಿಟ್ಟುಕೊಳ್ಳುವರು. ಅದನ್ನು ಒಮ್ಮೆ ಕಂಡ ಮಗುವಿಗೆ ಆ ಪ್ರಶ್ನೆಯ ಉತ್ತರವನ್ನು ನಾವು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಹಕ್ಕಿಗಳಿರುವ ಮನೆಯಲ್ಲಿ ಬೆಳಗು ಬೇಗನೆ ಆಗುವುದು. ಪಂಜರದ ಮುಸುಕನ್ನು ತೆಗೆದೊಡನೆ ಚಿನ್ನಪ್ಪನು ಜುಟ್ಟನ್ನು ನೆಟ್ಟಗೆ ಮಾಡಿ ಸಿಳ್ಳು ಹಾಕುವನು. ಈ ಜುಟ್ಟೇ ಅವುಗಳ ಮುಖಭಾವ: ನೆಟ್ಟಗಿದ್ದರೆ ಕುತೂಹಲ ಅಥವಾ ಎಚ್ಚರ, ತುಸು ಹಿಂದಕ್ಕೆ ಬಾಗಿದ್ದರೆ ನೆಮ್ಮದಿ, ತಲೆಗೆ ಅಂಟಿಕೊಂಡಂತೆ ಮಲಗಿದ್ದರೆ ಸಿಟ್ಟು ಇಲ್ಲವೆ ಭಯ. ಮೊದಲ ಕೆಲಸ ನೀರಿನ ಬಟ್ಟಲನ್ನು ತೊಳೆದು ಹೊಸ ನೀರನ್ನು ತುಂಬುವುದು, ತಳದ ಕಾಗದವನ್ನು ಬದಲಿಸುವುದು. ಬರಿಯ ಕಾಳಿನಿಂದ ಅವುಗಳ ಆರೋಗ್ಯವು ನಿಲ್ಲದು. ನವಣೆಯ ತೆನೆಯೊಡನೆ ಕೊತ್ತಂಬರಿ, ನುಗ್ಗೆಯ ಸೊಪ್ಪು, ತುರಿದ ಗಜ್ಜರಿ ಇವೂ ಬೇಕು. ಮಕ್ಕಳು ಪ್ರೀತಿಯಿಂದ ತರುವ ಚಾಕೊಲೇಟೂ ಕೊಡಗಿನ ಕಡೆಯಿಂದ ಬರುವ ಬೆಣ್ಣೆಹಣ್ಣೂ ಅವುಗಳಿಗೆ ವಿಷವೆಂದು ಪಂಜರದ ಬಳಿ ಚೀಟಿಯನ್ನು ಬರೆದು ತೂಗುಹಾಕಿರುವೆವು. ಅಂಟದ ಲೇಪವುಳ್ಳ ಬಾಣಲೆಯು ಅತಿಯಾಗಿ ಕಾದಾಗ ಏಳುವ ಹೊಗೆಯೂ ಹಕ್ಕಿಯ ಪ್ರಾಣವನ್ನು ತೆಗೆಯಬಲ್ಲುದು. ಆದ ಕಾರಣ ನಮ್ಮ ಅಡಿಗೆಮನೆಗೆ ಮತ್ತೆ ಕಬ್ಬಿಣದ ಕಾವಲಿಯೇ ಬಂದಿತು. ಸಂಜೆ ಒಂದು ಗಂಟೆಯ ಕಾಲ ಕಿಟಕಿಗಳನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ, ಪಂಜರದ ಬಾಗಿಲನ್ನು ತೆರೆದಿಡುವೆವು. ರೆಕ್ಕೆಯುಳ್ಳ ಜೀವಕ್ಕೆ ಅಷ್ಟೂ ಇಲ್ಲದಿದ್ದರೆ ಸಾಕುವುದೆಂಬ ಮಾತಿಗೆ ಅರ್ಥವಿಲ್ಲ.

ಬಂದ ಹೊಸದರಲ್ಲಿ ಒಂದು ರಾತ್ರಿ ಪಂಜರದಲ್ಲಿ ಭಾರಿ ಗದ್ದಲವಾಯಿತು. ದೀಪ ಹಚ್ಚಿ ನೋಡಲು ಮುತ್ತಮ್ಮನು ಕಂಬಿಗಳಿಗೆ ಬಡಿದುಕೊಂಡು ರೆಕ್ಕೆಯ ಗರಿಯೊಂದನ್ನು ಮುರಿದುಕೊಂಡಿದ್ದಳು, ರಕ್ತ ಬಂದಿದ್ದಿತು. ಕತ್ತಲೆಯಲ್ಲಿ ಸಣ್ಣ ಸದ್ದಿಗೂ ಬೆದರಿ ಹೀಗೆ ಒದ್ದಾಡುವುದು ಈ ಜಾತಿಯ ಸ್ವಭಾವವೆಂದೂ, ಮಂದವಾದ ದೀಪವೊಂದನ್ನು ಇಟ್ಟರೆ ಸಾಕೆಂದೂ ಪಶುವೈದ್ಯರು ತಿಳಿಸಿದರು. ಅಂದಿನಿಂದ ಸಣ್ಣ ದೀಪವೊಂದು ಉರಿಯುತ್ತಿರುವುದು. ಬೋರ್ಡಿಂಗಿಗೆ ಹೊಸದಾಗಿ ಬಂದ ಚಿಕ್ಕ ಹುಡುಗಿಯರ ಕೊಠಡಿಯಲ್ಲಿಯೂ ಮೇಟ್ರನ್ ಅಮ್ಮನವರು ಅಂತಹ ದೀಪವನ್ನು ಬಹುಕಾಲದಿಂದ ಇಡುತ್ತ ಬಂದಿರುವರು. ಅಂಜಿಕೆಯಿರುವಲ್ಲಿ ಯಾವ ಕಲಿಕೆಯೂ ಮೊದಲಾಗದು.

ಇನ್ನು ಕಲಿಸುವ ಮಾತು. ಚಿನ್ನಪ್ಪನು ನಮ್ಮ ಬೆರಳನ್ನೇರಿ ಕೂರುವುದಕ್ಕೆ ಎರಡು ತಿಂಗಳು ಹಿಡಿದವು. ಮೊದಲು ಪಂಜರದ ಬಳಿ ಸುಮ್ಮನೆ ಕುಳಿತು ಓದುವುದು. ಆಮೇಲೆ ಅಂಗೈಯಲ್ಲಿ ನವಣೆ ಹಿಡಿಯುವುದು. ಆಮೇಲೆ ಬೆರಳನ್ನು ಎದೆಯ ಕೆಳಗೆ ಮೆಲ್ಲನೆ ತಾಗಿಸಿ ‘ಹತ್ತು’ ಎನ್ನುವುದು. ಒಂದು ಸಲಕ್ಕೆ ಐದು ನಿಮಿಷಗಳಿಗಿಂತ ಹೆಚ್ಚಿಲ್ಲ. ಹಕ್ಕಿಯು ಬೇಸರಗೊಳ್ಳುವ ಮುಂಚೆ ಪಾಠವನ್ನು ಮುಗಿಸತಕ್ಕದ್ದು. ಆದರೆ ಮುತ್ತಮ್ಮನಿಗೆ ನಾವು ಇದಾವುದನ್ನೂ ಕಲಿಸಲಿಲ್ಲ. ಮೇಲಿನ ಕೊಂಬೆಯಲ್ಲಿ ಕುಳಿತು, ಜೊತೆಗಾರನು ಬೆರಳನ್ನೇರುವುದನ್ನೂ ಕಾಳನ್ನು ಪಡೆಯುವುದನ್ನೂ ದಿನದಿನವೂ ನೋಡುತ್ತಿದ್ದಳು. ಒಂದು ಸಂಜೆ ತಾನಾಗಿಯೇ ಇಳಿದು ಬಂದು ನಮ್ಮ ಬೆರಳಿನ ಮೇಲೆ ಕಾಲಿಟ್ಟಳು.

ಈ ನಡುವೆ ನಾವೂ ಒಂದು ವಿದ್ಯೆಗೆ ಕೈಹಾಕಿದ್ದೆವು. ಬಾಲ್ಯದಲ್ಲಿ ಹಾರ್ಮೋನಿಯಂ ನುಡಿಸಬೇಕೆಂಬ ಆಸೆಯಿದ್ದಿತು. ಓದು, ಟ್ರೈನಿಂಗು, ಉದ್ಯೋಗ, ಹೊಣೆಗಾರಿಕೆ ಇವುಗಳ ನಡುವೆ ಅದು ಹಿಂದೆ ಸರಿಯಿತು. 44ನೆಯ ವಯಸ್ಸಿನಲ್ಲಿ ನಮ್ಮ ಶಾಲೆಯ ಸಂಗೀತದ ಉಪಾಧ್ಯಾಯಿನಿಯವರ ಎದುರಿಗೆ ಶಿಷ್ಯಳಾಗಿ ಕುಳಿತೆವು. ನಮಗಿಂತ ಹದಿನೈದು ವರ್ಷ ಚಿಕ್ಕವರಾದ ಅವರು ಮೊದಲ ದಿನ ಸಂಕೋಚದಿಂದ “ಮೇಡಂ, ಇಲ್ಲಿ ಬೆರಳು…” ಎಂದು ನಿಲ್ಲಿಸುತ್ತಿದ್ದರು. ಮೂರನೆಯ ವಾರಕ್ಕೆ “ಮತ್ತೊಮ್ಮೆ ನುಡಿಸಿರಿ” ಎಂದು ಧೈರ್ಯವಾಗಿ ಹೇಳತೊಡಗಿದರು. ಸರಳೆ ವರಸೆಗಳಾದ ಮೇಲೆ ಒಂದು ಸಣ್ಣ ರಾಗದ ಧಾಟಿ ಬಂದಿತು. ಅದರ ನಡುವೆ ಹೆಬ್ಬೆರಳನ್ನು ಕೆಳಗಿನಿಂದ ದಾಟಿಸಿ ಮೇಲಿನ ಸ್ವರಗಳಿಗೆ ಹೋಗಬೇಕಾದ ಸ್ಥಳವೊಂದುಂಟು. ಪ್ರತಿ ಸಂಜೆಯೂ ಅಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದೆವು.

ಆರು ವಾರಗಳ ಮೇಲೆ ಒಂದು ಮುಂಜಾನೆ ಚಿನ್ನಪ್ಪನು ಆ ಧಾಟಿಯನ್ನು ಸಿಳ್ಳಿನಲ್ಲಿ ಹಾಡಿದನು. ನಾವು ನಿಲ್ಲುವ ಸ್ಥಳದಲ್ಲಿಯೇ ನಿಂತು, ನಾವು ತೆಗೆದುಕೊಳ್ಳುವಷ್ಟೇ ಹೊತ್ತನ್ನು ತೆಗೆದುಕೊಂಡು, ಮುಂದಿನ ಸ್ವರಕ್ಕೆ ಹೋದನು! ಅಡಿಗೆಯ ಅಮ್ಮನು ಒಲೆಯ ಮುಂದೆ ನಕ್ಕು ನಕ್ಕು ಕುಳಿತುಬಿಟ್ಟಳು. ನಾವು ಅವನಿಗೆ ಕಲಿಸಬೇಕೆಂದು ಆರಿಸಿಕೊಂಡಿದ್ದುದು ಬೇರೆಯೇ ಒಂದು ಹಾಡು; ಫೋನಿನಲ್ಲಿ ಅದನ್ನು ದಿನವೂ ಹಾಕುತ್ತಿದ್ದೆವು. ಅದರ ಒಂದು ಸ್ವರವೂ ಅವನಿಗೆ ಬಂದಿರಲಿಲ್ಲ. ಯಂತ್ರವು ಹಾಡಿದ್ದನ್ನು ಬಿಟ್ಟು, ಮನೆಯವರೊಬ್ಬರು ಎದುರಿಗೆ ಕುಳಿತು ಶ್ರಮಪಟ್ಟು ಕಲಿಯುತ್ತಿದ್ದುದನ್ನು ಅವನು ಎತ್ತಿಕೊಂಡನು.

ಇದು ಕೇವಲ ನಮ್ಮ ಮನೆಯ ವಿನೋದವಲ್ಲವೆಂಬುದಕ್ಕೆ ಪಂಡಿತರ ಆಧಾರವೂ ಉಂಟು. ಅಮೆರಿಕದ ಐರೀನ್ ಪೆಪರ್‌ಬರ್ಗ್ ಎಂಬ ವಿದುಷಿಯು 1977ರಲ್ಲಿ ಅಂಗಡಿಯೊಂದರಿಂದ ಆಫ್ರಿಕದ ಬೂದು ಗಿಳಿಯೊಂದನ್ನು ಕೊಂಡು ಅದಕ್ಕೆ ಅಲೆಕ್ಸ್ ಎಂದು ಹೆಸರಿಟ್ಟರು. ಅವರ ಪಾಠಕ್ರಮವು ಹೀಗಿದ್ದಿತು: ಗಿಳಿಯ ಮುಂದೆ ಇಬ್ಬರು ಮನುಷ್ಯರು ಕೂರುವರು. ಒಬ್ಬರು ಗುರು, ಮತ್ತೊಬ್ಬರು ಶಿಷ್ಯ. ಗುರುವು ಒಂದು ವಸ್ತುವನ್ನು ಹಿಡಿದು ‘ಇದೇನು?’ ಎಂದು ಕೇಳುವನು. ಶಿಷ್ಯನು ಸರಿಯಾಗಿ ಹೇಳಿದರೆ ಆ ವಸ್ತುವೇ ಅವನ ಕೈಸೇರುವುದು, ತಪ್ಪಿದರೆ ದೊರೆಯದು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಸ್ಥಾನಗಳನ್ನು ಬದಲಿಸಿಕೊಳ್ಳುವರು. ಇದನ್ನು ನೋಡುತ್ತ ನೋಡುತ್ತ ಗಿಳಿಯು ತಾನೂ ಮಾತಿಗೆ ಬರುವುದು. ಹೀಗೆ ಕಲಿತ ಅಲೆಕ್ಸ್ ಸುಮಾರು 50 ವಸ್ತುಗಳ ಹೆಸರುಗಳನ್ನೂ, 7 ಬಣ್ಣಗಳನ್ನೂ, 5 ಆಕಾರಗಳನ್ನೂ, 6ರವರೆಗಿನ ಎಣಿಕೆಯನ್ನೂ ಬಲ್ಲುದಾಗಿದ್ದಿತು. ಎರಡು ವಸ್ತುಗಳನ್ನು ತೋರಿಸಿ ‘ಯಾವುದು ಒಂದೇ, ಯಾವುದು ಬೇರೆ’ ಎಂದರೆ ‘ಬಣ್ಣ’ ಎಂದೋ ‘ಆಕಾರ’ ಎಂದೋ ಹೇಳುತ್ತಿದ್ದಿತು. ಅದು 2007ರಲ್ಲಿ ತೀರಿಕೊಂಡಿತು.

ಮತ್ತೊಂದು ಸಂಗತಿಯು ತಾಯ್ತಂದೆಗಳಿಗೆ ಹಿತವಾಗಿ ತೋರಬಹುದು. ದಕ್ಷಿಣ ಅಮೆರಿಕದ ವೆನಿಜುವೇಲಾ ದೇಶದಲ್ಲಿ ಒಂದು ಜಾತಿಯ ಕಿರುಗಿಳಿಗಳುಂಟು. ಗೂಡಿನಲ್ಲಿರುವ ಒಂದೊಂದು ಮರಿಯನ್ನೂ ಗುರುತಿಸುವ ಕೂಗಿನ ಮಾದರಿಯು ಹೆತ್ತವರಿಂದ ಬರುವುದೆಂದೂ, ಮರಿಯು ಅದನ್ನು ಕೇಳಿ ಕಲಿಯುವುದೆಂದೂ 2011ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸುವುದು. ಇದೊಂದು ಬಗೆಯ ನಾಮಕರಣವೆಂದರೂ ಸಲ್ಲುವುದು. ಗಿಳಿಯ ಅನುಕರಣೆಯು ಅರ್ಥವಿಲ್ಲದ ಒಪ್ಪಿಸುವಿಕೆಯಲ್ಲ. ತನ್ನ ಹಿಂಡಿಗೆ ತಾನು ಸೇರಿದವನೆಂದು ಹೇಳಿಕೊಳ್ಳುವ ಬಗೆ ಅದು. ಪಂಜರದ ಗಿಳಿಗೆ ಹಿಂಡಾಗಿ ದೊರೆತವರು ನಾವೇ ಆದುದರಿಂದ ಅದು ನಮ್ಮ ಮಾತನ್ನೂ ಸಿಳ್ಳನ್ನೂ ಕಲಿಯುವುದು. ಹಾಗಾದರೆ ನಾವು ತರಗತಿಯಲ್ಲಿ ಗಿಳಿಪಾಠವೆಂದು ಜರೆಯುವುದು ಗಿಳಿಗಳ ಪಾಠವೇ ಅಲ್ಲ. ಜೊತೆಯಲ್ಲಿ ಕಲಿಯುವವರು ಯಾರೂ ಇಲ್ಲದೆ, ಒಂಟಿಯಾಗಿ ಕುಳಿತ ಮಗುವು ಹೆದರಿಕೆಯಿಂದ ಮಾಡುವ ಪಾಠ ಅದು.

ಈ ಮಾತನ್ನು ಇಲ್ಲಿ ಬರೆಯುವುದಕ್ಕೆ ಕಾರಣವೊಂದುಂಟು. ಈ ವರ್ಷದ ಆರಂಭದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯು ನಮ್ಮ ಕೊಠಡಿಗೆ ಬಂದರು. ಆ ಹುಡುಗಿಯು ಕಸೂತಿಯಲ್ಲಿ ಬಹಳ ಆಸಕ್ತಿಯುಳ್ಳವಳು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಎಳೆಗಳನ್ನೆಣಿಸಿ, ಗಂಟು ಕಾಣದಂತೆ, ಎರಡು ಮಗ್ಗುಲಲ್ಲಿಯೂ ಒಂದೇ ರೂಪ ಬರುವಂತೆ ಗವಂತಿಯನ್ನು ಹೊಲಿಯಬಲ್ಲಳು. ಸೆರಗೊಂದಕ್ಕೆ ಗಿಳಿಗಳ ಸಾಲನ್ನು ಹಾಕುತ್ತಿದ್ದಳು.

“ಮೇಡಂ, ಈ ವರ್ಷ ಅವಳು ಸೂಜಿ ಮುಟ್ಟದಂತೆ ನೀವೇ ಹೇಳಬೇಕು. ನಮ್ಮ ಮಾತು ಕೇಳುವುದಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಬೇಕಾದಷ್ಟು ಮಾಡಿಕೊಳ್ಳಲಿ” ಎಂದರು.

“ಆಮೇಲೆ ಪಿಯುಸಿ ಬರುವುದಮ್ಮ, ಅದರ ಆಮೇಲೆ ಡಿಗ್ರಿ. ನೀವೂ ಈ ಶಾಲೆಯವರೇ ಅಲ್ಲವೆ? ನೀವು ಬಿಟ್ಟದ್ದು ಏನು?” ಎಂದು ಕೇಳಿದೆವು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹಾಡು, ಮೇಡಂ. ಒಂಬತ್ತನೆಯ ಕ್ಲಾಸಿನಲ್ಲಿ. ಆಮೇಲೆ ಹಾಡೋಣ ಅಂದುಕೊಂಡಿದ್ದೆ” ಎಂದರು.

ಪರೀಕ್ಷೆಯ ಬೆಲೆಯನ್ನು ನಾವು ಅಲ್ಲಗಳೆಯುವವರಲ್ಲ. ಬಡ ಮನೆಯ ಹುಡುಗಿಗೆ ಅಂಕಗಳು ತೆರೆಯುವ ಬಾಗಿಲನ್ನು ಕಸೂತಿಯು ತೆರೆಯಲಾರದೆಂಬುದನ್ನು ಇಷ್ಟು ವರ್ಷಗಳ ವೃತ್ತಿಯಲ್ಲಿ ಕಂಡಿರುವೆವು. ಆದರೂ ದಿನಕ್ಕೆ ಅರ್ಧ ಗಂಟೆಯನ್ನು ಆ ಹುಡುಗಿಗೆ ಬಿಟ್ಟುಕೊಡಬೇಕೆಂದೂ, ಆ ಅರ್ಧ ಗಂಟೆ ತಾಯಿಯೂ ಪಕ್ಕದಲ್ಲಿ ಕುಳಿತು ತಾವು ಬಿಟ್ಟ ಹಾಡನ್ನು ಮರಳಿ ಹಿಡಿಯಬೇಕೆಂದೂ ಕೇಳಿಕೊಂಡೆವು. ಅವರು ನಾಚಿದರು, ಒಪ್ಪಿದರು. ಫಲಿತಾಂಶವು ಇನ್ನೂ ಬರಬೇಕಾಗಿದೆ. ಅದರ ವಿಷಯವಾಗಿ ನಾವು ಭವಿಷ್ಯ ನುಡಿಯುವುದಿಲ್ಲ. ಹುಡುಗಿಯು ಮಾತ್ರ ಈಗ ಗಣಿತದ ಪುಸ್ತಕವನ್ನು ತಾನಾಗಿಯೇ ತೆರೆಯುವಳೆಂದು ತಾಯಿಯು ಹೇಳಿ ಕಳುಹಿಸಿರುವರು. ಸೆರಗಿನ ಗಿಳಿಗಳು ಹನ್ನೊಂದಾಗಿರುವುವಂತೆ.

ಈ ಲೇಖನವನ್ನೋದಿ ಯಾರಾದರೂ ಮಗಳಿಗೆ ಹಕ್ಕಿಯನ್ನು ತಂದುಕೊಡಬೇಕೆಂದು ಯೋಚಿಸಿದರೆ ಒಂದು ಮಾತನ್ನು ನೆನಪಿನಲ್ಲಿಡತಕ್ಕದ್ದು. ಚೆನ್ನಾಗಿ ನೋಡಿಕೊಂಡರೆ ಕಾಕಟೀಲು 15ರಿಂದ 20 ವರ್ಷ ಬದುಕುವುದು. 13 ವರ್ಷದ ಹುಡುಗಿಗೆ ಇಂದು ಕೊಟ್ಟ ಹಕ್ಕಿಯು ಅವಳು ಉದ್ಯೋಗ ಸಂಸಾರಗಳನ್ನು ಹಿಡಿದ ಮೇಲೆಯೂ ಇದ್ದೀತು. ಅದು ಹುಟ್ಟುಹಬ್ಬದ ಆಟಿಕೆಯಲ್ಲ. ಅಷ್ಟು ದೀರ್ಘವಾದ ಹೊಣೆಯನ್ನು ಹೊರಲಾರದವರು ಅಂಗಳದ ಮರಕ್ಕೆ ಬರುವ ಗಿಳಿಗಳನ್ನು ನೋಡಿ ಸಂತೋಷಪಡುವುದೇ ಲೇಸು; ಅದೂ ಒಳ್ಳೆಯ ಹವ್ಯಾಸವೇ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟೋ ಮಂದಿ ಈ ಶಾಲೆಯ ಹೊಲಿಗೆಯ ಕೊಠಡಿಯಲ್ಲಿ, ಸಂಗೀತದ ತರಗತಿಯಲ್ಲಿ, ತೋಟದ ಮಡಿಗಳಲ್ಲಿ ಏನನ್ನಾದರೂ ಮೊದಲುಮಾಡಿ ಅರ್ಧದಲ್ಲಿ ಬಿಟ್ಟು ಹೋಗಿರುವಿರಿ. ಅದನ್ನು ಈಗ ಹಿಡಿಯಿರಿ. ಬಾಗಿಲು ಹಾಕಿಕೊಂಡಲ್ಲ, ಮಕ್ಕಳ ಕಣ್ಣೆದುರಿಗೆ. ಬೆರಳು ಎಲ್ಲಿ ನಿಲ್ಲುವುದು, ಆಮೇಲೆ ಹೇಗೆ ಮುಂದುವರಿಯುವುದು ಎಂಬುದನ್ನು ಅವರು ನೋಡಲಿ. ‘ಕಲಿ, ಕಲಿ’ ಎಂದು ದಿನಕ್ಕೆ ಹತ್ತು ಸಲ ಹೇಳುವ ಮನೆಗಿಂತ, ಹಿರಿಯರೊಬ್ಬರು ಕುಳಿತು ಕಲಿಯುತ್ತಿರುವ ಮನೆಯಲ್ಲಿ ಮಕ್ಕಳು ಹೆಚ್ಚು ಕಲಿಯುವರು.