ಎಮ್ಮೆ ಎದ್ದ ಹಾಗೆ ಏಳುವ ಎಂಜಿನ್

ಫ್ಲೈಟ್ ಸಿಮ್ಯುಲೇಟರ್‌ಗೆ ಒಂದು ವಿಮಾನ ಮಾಡ್ತಿದ್ದೀವಿ ಅಂದ್ರೆ ನಮ್ಮ ಹಾಸ್ಟೆಲಲ್ಲಿ ಬರೋ ಮೊದಲನೇ ಪ್ರಶ್ನೆ: “ಮಗಾ, ಅದ್ರಲ್ಲಿ ಮಿಸೈಲ್ ಹೊಡೀಬಹುದಾ?” ಇಲ್ಲ. ಎರಡನೇ ಪ್ರಶ್ನೆ: “ಎಷ್ಟು ಸ್ಪೀಡ್ ಹೋಗುತ್ತೆ?” ಗಂಟೆಗೆ ಸುಮಾರು 250 ಕಿಲೋಮೀಟರ್. ಇಷ್ಟು ಹೇಳಿದ ಮೇಲೆ ಮೂರನೇ ಪ್ರಶ್ನೆ ಬರಲ್ಲ, ಎದ್ದು ಮೆಸ್ಸಿಗೆ ಹೋಗ್ತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಟೆಕ್ನಿಕಲ್ ಪದಗಳಿಗೆ ಕನ್ನಡ ಹುಡುಕಿ ಸುಸ್ತಾಗಿ ಎಷ್ಟೋ ಕಡೆ ಹಾಗೇ ಬಿಟ್ಟಿದ್ದೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ನಾವು ಮಾಡ್ತಿರೋದು ಡಗ್ಲಸ್ ಡಿಸಿ-3. ಮೊದಲ ಸಲ ಹಾರಿದ್ದು 1935ರ ಡಿಸೆಂಬರ್ 17ರಂದು. ಎರಡನೇ ಮಹಾಯುದ್ಧದಲ್ಲಿ ಇದರ ಸೈನ್ಯದ ಆವೃತ್ತಿ ಸಿ-47 ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು. ಬ್ರಿಟಿಷರು ಅದಕ್ಕೆ ಡಕೋಟಾ ಅಂತ ಹೆಸರಿಟ್ಟರು, ನಮ್ಮಲ್ಲೂ ಅದೇ ಹೆಸರು ಉಳೀತು. ಯುದ್ಧ ಮುಗಿದ ಮೇಲೆ ಉಳಿದ ವಿಮಾನಗಳು ಅಗ್ಗಕ್ಕೆ ಸಿಕ್ಕವು, ನಮ್ಮ ದೇಶದ ವಿಮಾನ ಕಂಪನಿಗಳು ಅದರ ಮೇಲೇ ಬೆಳೆದವು. ಬೆಂಗಳೂರಿಗೂ ಇದಕ್ಕೂ ಹಳೇ ನಂಟು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದ್ರೆ ಇವತ್ತಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಗಿ ದೊಡ್ಡ ರಿಪೇರಿ ಡಿಪೋ ಆಗಿತ್ತು. ನೀರಿನ ಮೇಲೆ ಇಳಿಯೋ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳೀತಿದ್ದವು. (ಹೌದು, ಅದೇ ನೊರೆ ಕೆರೆ.) ಯುದ್ಧದ ನಂತರ ಡಕೋಟಾಗಳನ್ನ ಪ್ಯಾಸೆಂಜರ್ ಸರ್ವಿಸ್‌ಗೆ ಸಜ್ಜು ಮಾಡಿಕೊಟ್ಟಿದ್ದೂ ಇದೇ ಕಾರ್ಖಾನೆ.

ನಾವು ಬಳಸ್ತಿರೋ ಸಿಮ್ಯುಲೇಟರ್ ಫ್ಲೈಟ್‌ಗಿಯರ್. ಓಪನ್ ಸೋರ್ಸ್, ಫ್ರೀ, ನಮ್ಮಂಥವರ ಲ್ಯಾಪ್‌ಟಾಪಲ್ಲೂ ಓಡುತ್ತೆ. ಅದರಲ್ಲಿ ಈಗಾಗಲೇ ಒಂದು ಡಿಸಿ-3 ಇದೆ. ಮತ್ಯಾಕೆ ಇನ್ನೊಂದು? ನಮಗೆ ಬೇಕಾಗಿದ್ದದ್ದು ಒಂದು ನಿರ್ದಿಷ್ಟ ರಾತ್ರಿಯ ವಿಮಾನ. 1949ರಲ್ಲಿ ಭಾರತದಲ್ಲಿ ರಾತ್ರಿ ಅಂಚೆ ವಿಮಾನ ಶುರುವಾಯಿತು. ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್ ನಾಲ್ಕೂ ಕಡೆಯಿಂದ ಟಪಾಲು ಹೊತ್ತು ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಮೂಟೆಗಳನ್ನ ಅದಲು ಬದಲು ಮಾಡಿಕೊಂಡು, ಬೆಳಗಾಗೋ ಹೊತ್ತಿಗೆ ತಂತಮ್ಮ ಊರಿಗೆ ವಾಪಸ್. ಮದ್ರಾಸಿಂದ ನಾಗಪುರಕ್ಕೆ ಸುಮಾರು 900 ಕಿಲೋಮೀಟರ್. ಜಿಪಿಎಸ್ ಇಲ್ಲ, ಕೆಳಗೆ ಕತ್ತಲು, ಪಕ್ಕದಲ್ಲಿ ಎರಡು ಎಂಜಿನ್. ಅದನ್ನ ನಾವೇ ಹಾರಿಸಿ ನೋಡಬೇಕು ಅನ್ನೋ ಹುಚ್ಚು ಹತ್ತಿತು.

ಕೆಲಸ ಹಂಚಿಕೊಂಡೆವು. ರೂಮ್‌ಮೇಟ್ ಬ್ಲೆಂಡರ್‌ನಲ್ಲಿ ವಿಮಾನದ ಮೈ ಕಟ್ಟಿದ. ಅದು ಹಾರೋ ಲೆಕ್ಕ ನನ್ನದು. ಜೆಎಸ್‌ಬಿಸಿಮ್ ಅನ್ನೋ ಪ್ರೋಗ್ರಾಂ ಸೆಕೆಂಡಿಗೆ 120 ಸಲ ಲಿಫ್ಟ್, ಡ್ರ್ಯಾಗ್, ಥ್ರಸ್ಟ್ ಲೆಕ್ಕ ಹಾಕಿ ವಿಮಾನವನ್ನ ಒಂದು ಚೂರು ಮುಂದಕ್ಕೆ ತಳ್ಳುತ್ತೆ. ಅದಕ್ಕೆ ಬೇಕಾದ ರೆಕ್ಕೆಯ ಅಳತೆ, ತೂಕ, ಕೋಷ್ಟಕಗಳನ್ನೆಲ್ಲಾ ಎಕ್ಸ್‌ಎಂಎಲ್ ಫೈಲಲ್ಲಿ ತುಂಬಬೇಕು. ಇದು ಬೋರಿಂಗ್ ಆದರೂ ಮುಗಿಯೋ ಕೆಲಸ. ಮುಗೀದೇ ಇದ್ದದ್ದು ಎಂಜಿನ್.

ಪ್ರ್ಯಾಟ್ ಆ್ಯಂಡ್ ವಿಟ್ನಿ ಆರ್-1830. ಒಟ್ಟು 30 ಲೀಟರ್, 14 ಸಿಲಿಂಡರ್, 1200 ಹಾರ್ಸ್‌ಪವರ್. ಒಂದೊಂದು ಸಿಲಿಂಡರೂ ಆರು ಬುಲೆಟ್ 350 ಸೇರಿಸಿದಷ್ಟು ದೊಡ್ಡದು. ಏಳೇಳು ಸಿಲಿಂಡರಿನ ಎರಡು ಸಾಲು, ಹೂವಿನ ದಳದ ಹಾಗೆ ಸುತ್ತಲೂ ಜೋಡಿಸಿದ್ದು. ಬೆಂಕಿ ಹತ್ತೋ ಕ್ರಮ ನೋಡಿ: 1, 10, 5, 14, 9, 4, 13, 8, 3, 12, 7, 2, 11, 6. ಒಂಬತ್ತು ಕೂಡಬೇಕು, 14 ದಾಟಿದರೆ ಐದು ಕಳೆಯಬೇಕು. ಮೊದಲ ಸಲ ಇದು ಅರ್ಥ ಆದಾಗ ಲ್ಯಾಬ್ ರೆಕಾರ್ಡ್ ಹಿಂದಿನ ಪುಟದಲ್ಲಿ ಬರೆದು ಖುಷಿಪಟ್ಟಿದ್ದೆ. ನಮ್ಮ ಥರ್ಮೋಡೈನಾಮಿಕ್ಸ್ ಕ್ಲಾಸಲ್ಲಿ ಎಂಜಿನ್ ಅಂದ್ರೆ ಒಂದು ಸಿಲಿಂಡರ್, ನಾಲ್ಕು ಗೆರೆಯ ಆಟೋ ಸೈಕಲ್. ಜೆಎಸ್‌ಬಿಸಿಮ್ ಕೂಡ ಹೆಚ್ಚುಕಮ್ಮಿ ಹಾಗೇ ನೋಡುತ್ತೆ. ಹದಿನಾಲ್ಕನ್ನೂ ಸೇರಿಸಿ ಒಂದೇ ಮುದ್ದೆ: ಇಷ್ಟು ಗಾಳಿ, ಇಷ್ಟು ಪೆಟ್ರೋಲ್, ಇಷ್ಟು ಆರ್‌ಪಿಎಂ, ತಗೋ ಇಷ್ಟು ಪವರ್. ಹಾರೋವಾಗ ಇದು ಸಾಕು. ಸ್ಟಾರ್ಟ್ ಮಾಡೋವಾಗ ಸಾಲಲ್ಲ.

ಯಾಕಂದ್ರೆ ಈ ಎಂಜಿನ್ ನಿಂತಾಗ ಆಯಿಲ್ ನಿಧಾನಕ್ಕೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆಯಿಲ್‌ಗೆ ಗುದ್ದಿ ರಾಡ್ ಬಾಗಬಹುದು, ದ್ರವವನ್ನ ಒತ್ತೋಕೆ ಆಗಲ್ಲವಲ್ಲ. ಅದಕ್ಕೆ ಮೊದಲು ಪ್ರೊಪೆಲ್ಲರನ್ನ ಕೈಯಲ್ಲಿ ತಿರುಗಿಸಬೇಕು. ಆಮೇಲೆ ಇಂಧನದ ಒತ್ತಡ ಏರಿಸಬೇಕು, ಸ್ಟಾರ್ಟರ್ ಒತ್ತಬೇಕು, ಪ್ರೈಮ್ ಮಾಡಬೇಕು, ಕಿಟಕಿಯಿಂದ ಪ್ರೊಪೆಲ್ಲರ್ ರೆಕ್ಕೆ ಎಣಿಸಿ ಮ್ಯಾಗ್ನೆಟೋ ಹಾಕಬೇಕು, ಎಂಜಿನ್ ಕೆಮ್ಮಿದ ತಕ್ಷಣ ಮಿಕ್ಸ್ಚರ್ ಲಿವರ್ ಸರಿಸಬೇಕು. ಬುಲೆಟ್ ಕಿಕ್ಕರ್ ಹೊಡೆದವರಿಗೆ ಇದರಲ್ಲಿ ಹತ್ತನೇ ಒಂದು ಭಾಗ ಗೊತ್ತಿರುತ್ತೆ.

ಇಲ್ಲೇ ನಮ್ಮಿಬ್ಬರಿಗೂ ಜಗಳ ಶುರುವಾಗಿದ್ದು. ರೂಮ್‌ಮೇಟ್ ಹೇಳಿದ, “ಒಂದು ಬಟನ್ ಇಡು. ಆಟೋಸ್ಟಾರ್ಟ್. ಹತ್ತು ನಿಮಿಷ ಹೊಡೆದಾಡಿ ಎಂಜಿನ್ ಬರದಿದ್ರೆ ಜನ ಡಿಲೀಟ್ ಮಾಡ್ತಾರೆ.” ನಾನು, ಬಟನ್ ಇಟ್ಟರೆ ಅದು ಡಕೋಟಾನೇ ಅಲ್ಲ, ಡಕೋಟಾ ಬಣ್ಣ ಹೊಡೆದ ಆಕ್ಟಿವಾ ಅಂದೆ. ಒಂದು ವಾರ ಇಬ್ಬರೂ ಪ್ರಾಜೆಕ್ಟ್ ಫೋಲ್ಡರ್ ಓಪನ್ ಮಾಡಲಿಲ್ಲ. ಒಂದೇ ರೂಮಲ್ಲಿ ಇದ್ದುಕೊಂಡು ಮೆಸೇಜಲ್ಲಿ ಮಾತಾಡ್ತಿದ್ವಿ. ಮೂರು ತಿಂಗಳ ಕೆಲಸ ಅಲ್ಲಿಗೇ ನಿಂತುಹೋಗುತ್ತೆ ಅನ್ನಿಸ್ತು.

ತೀರ್ಪು ಕೊಟ್ಟಿದ್ದು ಅವನ ತಾತ. ತುಮಕೂರಿನ ಹತ್ರ ಹಳ್ಳಿ. ಏರ್‌ಫೋರ್ಸಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು, ವರ್ಷಗಟ್ಟಲೆ ಡಕೋಟಾ ಎಂಜಿನ್ ಮೇಲೇ ಕೆಲಸ ಮಾಡಿದವರು, ಈಗ ಎಂಬತ್ತರ ಹತ್ತಿರ. ದಸರಾ ರಜೆಯಲ್ಲಿ ಲ್ಯಾಪ್‌ಟಾಪ್ ತಗೊಂಡು ಹೋದ್ವಿ. ಜಗಲಿ ಮೇಲೆ ಇಟ್ಟು ಕಾಕ್‌ಪಿಟ್ ತೋರಿಸಿದಾಗ ಪ್ರತಿ ಲಿವರ್ ಎಲ್ಲಿದೆ ಅಂತ ಕನ್ನಡಕ ಇಲ್ಲದೇ ಹೇಳಿದರು. ಆದರೆ ಮೌಸ್ ಹಿಡಿದು ಸ್ಟಾರ್ಟ್ ಮಾಡೋಕೆ ಅವರಿಗೆ ಆಗಲಿಲ್ಲ. ಸ್ಟಾರ್ಟರ್ ಒತ್ತಿ ಹಿಡಿದರೆ ಪ್ರೈಮರ್ ಒತ್ತೋಕೆ ಇನ್ನೊಂದು ಮೌಸ್ ಬೇಕಲ್ಲ!

“ಯಾಕಪ್ಪ, ಇದನ್ನ ಒಬ್ಬನೇ ಸ್ಟಾರ್ಟ್ ಮಾಡ್ತಾನಾ?” ಅಂತ ಕೇಳಿದರು. “ಹೌದು ತಾತ” ಅಂದೆ.

“ನಾವು ಯಾವತ್ತೂ ಒಬ್ಬೊಬ್ರೇ ಮಾಡಿದ್ದಿಲ್ಲ. ಒಳಗಡೆ ಇಬ್ರು. ಕೆಳಗಡೆ ಬೆಂಕಿ ಆರ್ಸೋ ಬಾಟ್ಲಿ ಹಿಡ್ಕೊಂಡು ಒಬ್ಬ. ಚಕ್ರದ ಹತ್ರ ಇನ್ನೊಬ್ಬ. ಒಬ್ಬ ಎಣಿಸ್ತಿದ್ದ, ಒಬ್ಬ ಒತ್ತುತಿದ್ದ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡ್ವಿ. ಆಟೋಸ್ಟಾರ್ಟ್ ಬಟನ್ ಸುಳ್ಳು, ನಿಜ. ಆದರೆ ನಾಲ್ಕು ಜನ ಮಾಡ್ತಿದ್ದ ಕೆಲಸವನ್ನ ಒಬ್ಬನ ತಲೆಗೆ ಕಟ್ಟೋದೂ ಸುಳ್ಳೇ. ಮ್ಯಾನ್ಯುಯಲ್ಲಿನಲ್ಲಿ ಎಲ್ಲಾ ಸ್ವಿಚ್ ಇತ್ತು, ಪಕ್ಕದ ಸೀಟಿನ ಮನುಷ್ಯ ಇರಲಿಲ್ಲ.

ಆಮೇಲೆ ನಾನೇ ಎಂಜಿನ್ ಸ್ಟಾರ್ಟ್ ಮಾಡಿ ಸೌಂಡ್ ಕೇಳಿಸಿದೆ. ತಾತ ಕಣ್ಣು ಮುಚ್ಚಿಕೊಂಡು ಕೇಳಿ ನಕ್ಕರು. “ಇದು ಫ್ಯಾನ್ ಸ್ವಿಚ್ ಹಾಕ್ದಂಗೈತೆ. ಅದು ಹಂಗೆ ಏಳಲ್ಲ ಕಣಪ್ಪ. ಚಳೀಲಿ ಮಲಗಿರೋ ಎಮ್ಮೆ ಎದ್ದಂಗೆ ಏಳ್ತದೆ. ಮೊದ್ಲು ಹಿಂದಿನ ಕಾಲು, ಆಮೇಲೆ ಮುಂದಿನ ಕಾಲು, ಮಧ್ಯದಲ್ಲಿ ಒಂದ್ಸಲ ಬೀಳೋಹಂಗೆ ಆಯ್ತದೆ.”

ವಾಪಸ್ ಬಂದು ಮೂರು ವಾರ ಆ ಎಮ್ಮೆಯನ್ನೇ ಕೋಡ್ ಮಾಡಿದೆ. ಈಗ ಸ್ಟಾರ್ಟ್ ಆಗೋ ಮೊದಲ ಅರ್ಧ ನಿಮಿಷ ನನ್ನ ಸ್ಕ್ರಿಪ್ಟ್ ಹದಿನಾಲ್ಕು ಸಿಲಿಂಡರನ್ನೂ ಬೇರೆ ಬೇರೆಯಾಗಿ ಲೆಕ್ಕ ಇಡುತ್ತೆ. ಪ್ರತಿಯೊಂದಕ್ಕೂ ಅದರದೇ ಬಿಸಿ, ಅದರದೇ ಆಯಿಲ್, ಅದರದೇ ಪೆಟ್ರೋಲ್. ಸರದಿ ಬಂದಾಗ ಹತ್ತಿಕೊಳ್ಳುತ್ತೋ ಇಲ್ಲವೋ ಅನ್ನೋದು ಸ್ವಲ್ಪ ಅದೃಷ್ಟ. ಮೇಲಿನವು ಮೊದಲು ಹತ್ತುತ್ತವೆ. ಕೆಳಗಿನ 7, 8, 9 ಕೆಮ್ಮಿ, ಹೊಗೆ ಉಗುಳಿ, ಕೊನೆಗೆ ಸೇರಿಕೊಳ್ಳುತ್ತವೆ. ಹದಿನಾಲ್ಕೂ ಸೇರಿದ ಮೇಲೆ ಜೆಎಸ್‌ಬಿಸಿಮ್ ಕೈಗೆ ಒಪ್ಪಿಸಿಬಿಡ್ತೀನಿ.

ಆಟೋಸ್ಟಾರ್ಟ್ ಇಟ್ಟಿಲ್ಲ. ಅದರ ಬದಲು ಪಕ್ಕದ ಸೀಟಿಗೆ ಒಬ್ಬ ಕೋ-ಪೈಲಟ್ ಬಂದಿದ್ದಾನೆ. ಅವನು ಪ್ರೈಮರ್ ಒತ್ತುತ್ತಾನೆ, ರೆಕ್ಕೆ ಎಣಿಸ್ತಾನೆ. ಮ್ಯಾಗ್ನೆಟೋ ಮತ್ತು ಮಿಕ್ಸ್ಚರ್ ಮಾತ್ರ ನಿಮ್ಮ ಕೈಲೇ. ಎಣಿಸೋ ದನಿ ತಾತನದು, ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು. ಸರ್ವಿಸಲ್ಲಿ ಇಂಗ್ಲಿಷಲ್ಲೇ ಎಣಿಸ್ತಿದ್ದರಂತೆ, ಅದನ್ನೂ ಹೇಳಿಕೊಟ್ಟರು. ಆಮೇಲೆ ಕೇಳದೇನೇ ಕನ್ನಡದಲ್ಲೂ ಒಂದು ಸಲ ಎಣಿಸಿದರು. ಎರಡೂ ಇವೆ, ಮೆನುವಿನಲ್ಲಿ ಆರಿಸಿಕೊಳ್ಳಬಹುದು.

ಸೀನಿಯರ್ ಒಬ್ಬರು ಇದೆಲ್ಲಾ ಪ್ಲೇಸ್‌ಮೆಂಟ್‌ಗೆ ಉಪಯೋಗ ಆಗುತ್ತಾ ಅಂತ ಕೇಳಿದರು. ಗೊತ್ತಿಲ್ಲ ಸರ್. ಆದರೆ ಒಂದಂತೂ ಗೊತ್ತಾಯಿತು. ಡಕೋಟಾದ ಮ್ಯಾನ್ಯುಯಲ್ ಪಿಡಿಎಫ್ ಆಗಿದೆ, ಇನ್ನು ನೂರು ವರ್ಷ ಆದರೂ ಎಲ್ಲಿಗೂ ಹೋಗಲ್ಲ. ಆ ಎಂಜಿನ್ ಕೇಳಿಸಿಕೊಂಡ ಕಿವಿಗಳು ಹಾಗಲ್ಲ. ನಮ್ಮ ವಾಯುಪಡೆಯಲ್ಲಿ ಡಕೋಟಾ ನಿಂತಿದ್ದು 1980ರ ದಶಕದಲ್ಲಿ. ಅದರ ಮೇಲೆ ಕೈಯಾಡಿಸಿದವರು ಬಹುಪಾಲು ಎಪ್ಪತ್ತು ದಾಟಿದ್ದಾರೆ.

ಹಾಗಾಗಿ ಒಂದು ರಿಕ್ವೆಸ್ಟ್. ನಿಮ್ಮ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ, ಎಚ್‌ಎಎಲ್‌ನಲ್ಲೋ ಏರ್‌ಫೋರ್ಸಲ್ಲೋ ಹಳೇ ಎಂಜಿನ್‌ಗಳ ಜೊತೆ ಇದ್ದ ತಾತ, ದೊಡ್ಡಪ್ಪ, ಮಾವ ಯಾರಾದ್ರೂ ಇದ್ದರೆ ಈ ಸಲ ಊರಿಗೆ ಹೋದಾಗ ಕೂತು ಮಾತಾಡಿಸಿ, ರೆಕಾರ್ಡರ್ ಆನ್ ಮಾಡಿ. ವಿಮಾನನೇ ಆಗಬೇಕು ಅಂತಿಲ್ಲ. ರೈಲು, ರೈಸ್ ಮಿಲ್, ಲೇತ್ ಮಷೀನ್, ಯಾವುದಾದ್ರೂ ಸರಿ. ಡಕೋಟಾದವರೇ ಸಿಕ್ಕರೆ ಮಾತ್ರ ದಯವಿಟ್ಟು ನಮ್ಮ ಕ್ಲಬ್ಬಿಗೆ ತಿಳಿಸಿ. ಇಳಿಯೋವಾಗ ಥ್ರಾಟಲ್ ಹಿಂದಕ್ಕೆ ಎಳೆದರೆ ಆ ಎಂಜಿನ್ ಹೇಗೆ ಗೊಣಗುತ್ತೆ ಅನ್ನೋದು ನಮಗಿನ್ನೂ ಬೇಕಾಗಿದೆ. ನಾಗಪುರದಲ್ಲಿ ಇನ್ನೂ ಲ್ಯಾಂಡ್ ಆಗಿಲ್ಲ.