ಹಗ್ಗದ ಇನ್ನೊಂದು ತುದಿ

ನಮ್ಮ ಕಡೆ ಹಗ್ಗದ ಬಗ್ಗೆ ಸಲಹೆ ಕೊಡುವವರಿಗೆ ಬರವಿಲ್ಲ. ಸರಕು ಏರಿಸಿದ ಗಾಡಿಯೊಂದು ರಸ್ತೆ ಬದಿ ನಿಂತರೆ ಸಾಕು, ಬಸ್ಸಿಗೆ ಕಾಯುತ್ತಿದ್ದವರೂ ಎದ್ದು ಬರುತ್ತಾರೆ. ಇನ್ನೊಂದು ಸುತ್ತು ಹಾಕ್ರಿ, ಅಡ್ಡಕ್ಕೆ ಎಳೀರಿ, ಆ ಗಂಟು ಜಾರುತ್ತೆ ನೋಡಿ ಎನ್ನುತ್ತಾರೆ. ನೈಲಾನು ಮೇಲೋ ತೆಂಗಿನ ನಾರು ಮೇಲೋ ಎಂಬ ವಾದ ಟೀ ಲೋಟ ಖಾಲಿಯಾದರೂ ಮುಗಿಯುವುದಿಲ್ಲ. ಆ ಹಗ್ಗದ ಇನ್ನೊಂದು ತುದಿ ಯಾವುದಕ್ಕೆ ಸಿಕ್ಕಿಕೊಂಡಿದೆ ಎಂದು ಬಗ್ಗಿ ನೋಡುವವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ.

ತಿಪಟೂರು ಸೀಮೆಯ ನಮ್ಮ ತೋಟದ ಕೆಲಸಕ್ಕೆಂದು ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ತಂದ. ತೆಂಗಿನಕಾಯಿ ಮೂಟೆ, ರಾಗಿಹುಲ್ಲು, ಗೊಬ್ಬರ, ಡ್ರಿಪ್ ಪೈಪಿನ ಸುರುಳಿ, ಮದುವೆ ಮನೆಯ ಪಾತ್ರೆ, ಹೀಗೆ ಅದು ಹೊರದ ಸಾಮಾನಿಲ್ಲ. ಬಾಡಿ ಭರ್ತಿಯಾದಾಗ ತಕರಾರೇ ಇರುತ್ತಿರಲಿಲ್ಲ. ಮೂಟೆಗೆ ಮೂಟೆ ಆತುಕೊಂಡು ಕೂತುಬಿಡುತ್ತಿದ್ದವು. ಖಾಲಿ ಬಾಡಿಯಲ್ಲಿ ಒಂದೇ ಒಂದು ಸಾಮಾನು ಹೊರಟಾಗ ಗ್ರಹಚಾರ ಶುರು. ಇಂಥ ಗಾಡಿಗಳಲ್ಲಿ ಕೊಂಡಿಗಳು ಸಾಮಾನ್ಯವಾಗಿ ಬಾಡಿಯ ಹೊರಗೆ, ಕೆಳಅಂಚಿನಲ್ಲಿರುತ್ತವೆ. ಅಲ್ಲಿಂದ ಹೊರಟ ಹಗ್ಗ ಸೈಡ್ ಡೋರನ್ನು ಹತ್ತಿ, ಆಚೆ ಡೋರಿನ ಮೇಲೆ ಇಳಿದು, ಆ ಬದಿಯ ಕೊಂಡಿಗೆ ಹೋಗಬೇಕು. ರಿವೈಂಡಿಂಗಿಗೆ ಹೊರಟ ಪಂಪು ಡೋರಿಗಿಂತ ಗಿಡ್ಡ. ನೀವು ಎಷ್ಟೇ ಬಿಗಿಯಿರಿ, ಹಗ್ಗ ಬಟ್ಟೆ ಒಣಹಾಕುವ ತಂತಿಯ ಹಾಗೆ ಪಂಪಿನ ನೆತ್ತಿಯ ಮೇಲೆ ಗಾಳಿಯಲ್ಲೇ ನಿಂತಿರುತ್ತದೆ. ಇಬ್ಬರಿಗೂ ಮುಖಾಮುಖಿಯೇ ಇಲ್ಲ. ತಮ್ಮ ಹಳೇ ಟೈರೊಂದನ್ನು ಒಳಗೆ ಹಾಕಿ, ಅದರ ನಡುವೆ ಪಂಪನ್ನು ಕೂರಿಸುತ್ತಿದ್ದ. ಮೊದಲ ತಿರುವಿನಲ್ಲಿ ಟೈರು, ಪಂಪು ಎರಡೂ ಜೊತೆಯಾಗಿ ಸರಿಯುತ್ತಿದ್ದವು.

ತಾತನ ಎತ್ತಿನ ಗಾಡಿಗೆ ಈ ಪೀಡೆ ಇರಲಿಲ್ಲ. ಅದರ ತಳವೆಂದರೆ ಮರದ ಪಟ್ಟಿಗಳು, ಪಟ್ಟಿಗಳ ನಡುವೆ ಕೈ ತೂರುವಷ್ಟು ಸಂದು, ಎರಡೂ ಬದಿಗೆ ನೆಟ್ಟ ಗೂಟಗಳು. ಹಗ್ಗವನ್ನು ಎಲ್ಲಿ ಬೇಕಾದರೂ ಇಳಿಬಿಟ್ಟು, ಯಾವ ಪಟ್ಟಿಗೆ ಬೇಕಾದರೂ ಸುತ್ತಬಹುದಿತ್ತು. ಇಡೀ ಗಾಡಿಯೇ ಕೊಂಡಿ. ಹಗ್ಗ ಕತ್ತಾಳೆಯದು, ಪುಂಡಿನಾರಿನದು. ಇಂಥ ನಾರಿನ ಹಗ್ಗ ಮಳೆಯಲ್ಲಿ ನೆಂದರೆ ಉಬ್ಬಿ, ಉದ್ದದಲ್ಲಿ ಕುಗ್ಗಿ ಇನ್ನಷ್ಟು ಬಿಗಿಯುತ್ತದೆ. ನೈಲಾನಿನದು ತದ್ವಿರುದ್ಧ ಗುಣ, ನೆಂದರೆ ಸಡಿಲ. ಸಂತೆಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗವಂತೂ ಬಿಸಿಲಿಗೆ ಬಲ ಕಳೆದುಕೊಂಡು ಪುಡಿಪುಡಿಯಾಗುತ್ತದೆ. ಅದರ ಮೇಲೆ ಹಾಕಿದ ಗಂಟನ್ನು ನಂಬಿ ಮಲಗುವ ಹಾಗಿಲ್ಲ.

ಗಾಡಿಯ ಕಾಲದಲ್ಲಿ ಸರಕು ಸರಿದರೆ ತಕ್ಷಣ ಗೊತ್ತಾಗುತ್ತಿತ್ತು. ಮುಂದೆ ಜರುಗಿದರೆ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತಿತ್ತು, ಹಿಂದೆ ಜರುಗಿದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತಿತ್ತು. ತಾತ ಹೊರಡುವ ಮೊದಲು ನೊಗವನ್ನು ಒಂದು ಕೈಯಲ್ಲಿ ಎತ್ತಿ ತೂಗಿ ನೋಡಿಯೇ ಎತ್ತು ಹೂಡುತ್ತಿದ್ದುದು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಯನ್ನೇ ಹಟ ಹಿಡಿದು ಮಾಡಿದವರು. ನೊಗದ ಅಡಿಯಲ್ಲಿ ಸವೆಯುವ ಹೆಗಲು ಅವರ ದೊಡ್ಡ ಚಿಂತೆಯಾಗಿತ್ತು. ಪಿಕಪ್ಪಿಗೂ ಮುಂಭಾರ ಹಿಂಭಾರ ಇದ್ದೇ ಇದೆ. ಭಾರ ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು ತೇಲಾಡುತ್ತದೆ. ಆದರೆ ಎಂಜಿನ್ನಿಗೆ ಹೆಗಲಿಲ್ಲವಲ್ಲ, ಅದು ದೂರು ಹೇಳುವುದಿಲ್ಲ.

ಆಮೇಲೆ ಲಾರಿ ಬಂತು. ಕಂಪನಿಯಿಂದ ಬರುತ್ತಿದ್ದುದು ಬರೀ ಚಾಸಿ. ಅದರ ಮೇಲೆ ಬಾಡಿ ಕಟ್ಟುತ್ತಿದ್ದವರು ಊರಿನ ಬಡಗಿ, ಕಮ್ಮಾರರು. ಸರಕು ಕಟ್ಟುವವರ ಕಷ್ಟ ಬಲ್ಲವರಾದ್ದರಿಂದ ಬಾಡಿಯ ಕೆಳಗೆ ಉದ್ದಕ್ಕೂ ಬೆರಳು ದಪ್ಪದ ಸರಳಿನ ಕೊಕ್ಕೆಗಳನ್ನು ಹೊಡೆದಿರುತ್ತಿದ್ದರು. ಕ್ಲೀನರ್ ಹುಡುಗ ಹಗ್ಗವನ್ನು ಸರಕಿನ ಮೇಲಿಂದ ಬೀಸಿ, ಈಚೆ ಬದಿಗೆ ಓಡಿ ಬಂದು, ಹಗ್ಗದ ನಡುವೆಯೇ ಒಂದು ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಮತ್ತೆ ಕುಣಿಕೆಯೊಳಗೆ ತೂರಿಸಿ, ಕಾಲನ್ನು ಚಕ್ರಕ್ಕೆ ಒತ್ತಿ ಜಗ್ಗುತ್ತಿದ್ದ. ಆ ಕುಣಿಕೆ ರಾಟೆಯ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ಎಳೆತ ಮೂರು ಪಟ್ಟು. ಉಜ್ಜಾಟದಲ್ಲಿ ಒಂದಷ್ಟು ಸೋರಿಹೋದರೂ ಹದಿನಾರರ ಹುಡುಗ ಪೈಲ್ವಾನನಂತೆ ಬಿಗಿಯಬಲ್ಲ. ಕ್ಲಿಫರ್ಡ್ ಆಶ್ಲಿ ಎಂಬ ಅಮೆರಿಕನ್ 1944ರಲ್ಲಿ ಗಂಟುಗಳ ಮೇಲೆ ದಪ್ಪನೆಯ ಗ್ರಂಥವೊಂದನ್ನು ಹೊರತಂದ. 3800ಕ್ಕೂ ಹೆಚ್ಚು ನಮೂದುಗಳಿರುವ ಅದರಲ್ಲಿ ಈ ಜಾತಿಯ ಗಂಟಿಗೂ ಜಾಗವಿದೆ. ನಮ್ಮ ಕ್ಲೀನರ್‌ಗಳು ಅದನ್ನು ಓದದೆಯೇ ಪಾಸಾದವರು.

ಪಿಕಪ್ಪಿನ ಕಥೆಯೇ ಬೇರೆ. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಹಿಂದೆ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಾಟಕ್ಕಿಟ್ಟಿತು. ಅಲ್ಲಿಯವರೆಗೆ ಕಾರಿನ ಹಿಂಭಾಗ ಕತ್ತರಿಸಿ ಹಲಗೆ ಹೊಡೆದುಕೊಳ್ಳುತ್ತಿದ್ದ ರೈತರಿಗೆ ಕಾರ್ಖಾನೆಯಿಂದಲೇ ಸಿದ್ಧವಾದ ಗಾಡಿ ಸಿಕ್ಕಿತು. ನಮ್ಮಲ್ಲಿ ಸಣ್ಣ ಸಾಗಣೆಯ ದಿಕ್ಕು ಬದಲಾದದ್ದು 2005ರಲ್ಲಿ ಟಾಟಾ ಏಸ್ ಬಂದ ಮೇಲೆ. ಎರಡು ಸಿಲಿಂಡರು, 16 ಅಶ್ವಶಕ್ತಿ. ಜನ ಅದನ್ನು ಛೋಟಾ ಹಾಥಿ ಎಂದು ಕರೆದರು. ಲಾರಿ ನುಗ್ಗದ ಗಲ್ಲಿಗೂ ಅದು ನುಗ್ಗಿತು. ಬಾಡಿ ಮಾತ್ರ ಕಂಪನಿಯಲ್ಲೇ ಒತ್ತಿ ತೆಗೆದ ತಗಡಿನದು. ಮರದ ಪಟ್ಟಿಯಿಲ್ಲ, ಸಂದಿಲ್ಲ, ಗೂಟವಿಲ್ಲ. ಕ್ಲೀನರ್ ಹುಡುಗನಂತೂ ಇಲ್ಲವೇ ಇಲ್ಲ. ಡ್ರೈವರ್ ಒಬ್ಬನೇ ಓಡಿಸಬೇಕು, ಒಬ್ಬನೇ ಕಟ್ಟಬೇಕು.

ಎಷ್ಟು ಕಟ್ಟಿದರೆ ಸಾಕು ಎಂಬುದಕ್ಕೆ ಲೆಕ್ಕವಿದೆ. ಅಮೆರಿಕ, ಯೂರೋಪಿನ ಸಾಗಣೆ ನಿಯಮಗಳ ಪ್ರಕಾರ ಸರಕು ಮುಂದಕ್ಕೆ ನುಗ್ಗದಂತೆ ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು, ಪಕ್ಕಕ್ಕೆ ಜಾರದಂತೆ ಅರ್ಧದಷ್ಟು ಬಲವನ್ನು ಕಟ್ಟು ತಡೆದುಕೊಳ್ಳಬೇಕು. 500 ಕಿಲೋ ಸರಕಿದ್ದರೆ ಬ್ರೇಕ್ ಒತ್ತಿದಾಗ 400 ಕಿಲೋ ಭಾರದಷ್ಟು ಎಳೆತ. ಇನ್ನು ಮೇಲಿಂದ ಬಿಗಿದ ಹಗ್ಗ ಸರಕನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಅಷ್ಟೆ. ಹಗ್ಗ ನೆಟ್ಟಗೆ ಇಳಿದಿದ್ದರೆ ಬಿಗಿತವೆಲ್ಲ ಒತ್ತಡವಾಗುತ್ತದೆ. ನೆಲಕ್ಕೆ 30 ಡಿಗ್ರಿಯಷ್ಟು ಮಲಗಿದ್ದರೆ ಅರ್ಧ ದಂಡ. ಅಂದರೆ ಕೊಂಡಿ ಸರಕಿನ ಹತ್ತಿರವಿರಬೇಕು, ತಳದಲ್ಲಿರಬೇಕು, ಬಾಡಿಯ ಒಳಗಿರಬೇಕು. ಹೊರಗಿನ ಕೊಂಡಿ ತುಂಬಿದ ಬಾಡಿಗೆ ಸರಿ, ಒಂಟಿ ಪಂಪಿಗಲ್ಲ.

ಇದನ್ನೆಲ್ಲ ಹೇಳಿ, ಬಾಡಿಯ ತಳಕ್ಕೆ ಬಳೆಯಾಕಾರದ ಕೊಂಡಿಗಳನ್ನು ಹಾಕಿಸಲು ತಮ್ಮನನ್ನು ವೆಲ್ಡಿಂಗ್ ಅಂಗಡಿಗೆ ಹೊರಡಿಸಿದೆ. "ಅಣ್ಣ, ಒಂದು ಬಳೆ ಅಂಟಿಸೋಕೆ ಇಷ್ಟು ಪುರಾಣ ಬೇಕಾ?" ಎಂದ. ಮೇಸ್ತ್ರಿ ನಮಗಿಂತ ದೊಡ್ಡ ಪೌರಾಣಿಕರು. ಗಾಡಿಯ ಒಳಗೆ ಹತ್ತಿ ಸುತ್ತಿಗೆಯಿಂದ ತಗಡನ್ನು ತಟ್ಟುತ್ತ ಹೋದರು. ಕೆಲವು ಕಡೆ ಡಬ್ ಡಬ್, ಕೆಲವು ಕಡೆ ಠಣ್. "ಸಾರ್, ಡಬ್ ಅನ್ನೋ ಜಾಗದಲ್ಲಿ ಹಾಕಿದ್ರೆ ಬಳೆ ಕಿತ್ತು ಬರಲ್ಲ, ತಗಡೇ ಕಿತ್ಕೊಂಡು ಬರುತ್ತೆ. ಠಣ್ ಅಂದ್ರೆ ಕೆಳಗೆ ಅಡ್ಡಪಟ್ಟಿ ಇದೆ ಅಂತ," ಎಂದರು. ಠಣ್ ಎಂದ ಕಡೆಗಳಿಗೆಲ್ಲ ಸೀಮೆಸುಣ್ಣದ ಗುರುತು ಬಿತ್ತು. ಆಮೇಲೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಸುಳಿ, ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ಹಿಂದಿನ ದೀಪದ ವೈರು ಎಲ್ಲೆಲ್ಲಿವೆ ಎಂದು ನೋಡಿ, ಒಂದೆರಡು ಗುರುತನ್ನು ಅಳಿಸಿದರು.

ವೆಲ್ಡಿಂಗೇ ಬೇಡ, ಬೋಲ್ಟು ಹಾಕೋಣ ಎಂಬುದು ಅವರ ತೀರ್ಮಾನ. ಟ್ಯಾಂಕಿನ ಹತ್ತಿರ ಕಿಡಿ ಹಾರಿಸುವ ಉಸಾಬರಿಯೂ ಇಲ್ಲ, ಬೇಡವಾದಾಗ ಬಿಚ್ಚಬಹುದು. ಮಡಚಿದರೆ ನೆಲಕ್ಕೆ ಒರಗುವ ಬಳೆಯನ್ನೇ ಆರಿಸಿದರು. ಎದ್ದು ನಿಂತ ಕೊಂಡಿಯಾದರೆ ಗೊಬ್ಬರ ಎಳೆಯುವಾಗ ಸನಿಕೆ ತಗುಲುತ್ತದೆ, ಮೂಟೆ ಜರುಗಿಸುವಾಗ ಚೀಲ ಹರಿಯುತ್ತದೆ. ತೂತು ಕೊರೆದು, ಕೆಳಗೆ ಅಂಗೈಯಗಲದ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು, ವಾಷರ್ ಹಾಕಿ ನಟ್ಟು ಬಿಗಿದರು. ಪಟ್ಟಿ ಯಾಕೆಂದರೆ ಎಳೆತ ಬೋಲ್ಟಿನ ಒಂದು ಬಿಂದುವಿಗೆ ಬೀಳದೆ ಹರಡಿಕೊಳ್ಳಬೇಕು. ತೂತಿನ ಅಂಚಿಗೆಲ್ಲ ರೆಡ್ ಆಕ್ಸೈಡ್ ಬಳಿಯುವುದನ್ನು ಮರೆಯಲಿಲ್ಲ. ತಗಡಿಗೆ ತುಕ್ಕು ಹತ್ತುವುದೇ ಕೊರೆದ ಬಾಯಿಯಿಂದ. ಕೊನೆಗೆ ಪ್ರತಿ ಬಳೆಗೂ ಸರಪಣಿ ಸಿಕ್ಕಿಸಿ, ಅಂಗಡಿಯ ಇಬ್ಬರು ಹುಡುಗರನ್ನು ಜೋತುಬೀಳಿಸಿ ನೋಡಿದರು. ಇದು ಯಾವ ಪ್ರಯೋಗಾಲಯದ ಪರೀಕ್ಷೆಯೂ ಅಲ್ಲ. ಆದರೂ ಹುಡುಗರಿಗೆ ಖುಷಿಯಾಯಿತು.

ಈಗ ಪಂಪಿಗೆ ಹಗ್ಗವೂ ಬೇಡ. ಪಾಲಿಯೆಸ್ಟರ್ ಬೆಲ್ಟನ್ನು ಅಡ್ಡಡ್ಡ ಎರಡು ಬಳೆಗೆ ಸಿಕ್ಕಿಸಿ, ರ‍್ಯಾಚೆಟ್ಟಿನ ಹಿಡಿಯನ್ನು ಕಟಕಟ ಎನ್ನಿಸಿದರೆ ಆಯಿತು. ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಅದು ಎಷ್ಟು ಎಳೆತ ತಾಳುತ್ತದೆಂದು ಬರೆದಿರುತ್ತದೆ. ಚೀಟಿ ಇಲ್ಲದ ಬೆಲ್ಟನ್ನು, ಅಂಚು ಹರಿದ ಬೆಲ್ಟನ್ನು ಅಂಗಡಿಯವನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಕಾಯಿದೆ ಈ ವಿಷಯದಲ್ಲಿ ಹೊರಚಾಚಿದ ಸರಕನ್ನು ಚೆನ್ನಾಗಿ ಕಾಣುತ್ತದೆ. ಬಾಡಿಯಾಚೆ ಸರಕು ಚಾಚಿದರೆ 20,000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಹೇಳುತ್ತದೆ. ಒಳಗೆ ಸಡಿಲವಾಗಿ ಕೂತ ಪಂಪು ರಸ್ತೆಯಲ್ಲಿ ನಿಂತ ಪೊಲೀಸರ ಕಣ್ಣಿಗೆ ಬೀಳುವುದಿಲ್ಲ, ಡ್ರೈವರನ ಬೆನ್ನಿಗೆ ಮಾತ್ರ ಬೀಳುತ್ತದೆ. ಆದ್ದರಿಂದ ಮನೆ ಬದಲಿಸಲು ಫ್ರಿಜ್ಜು, ಬೀರು ಏರಿಸುವ ಮೊದಲು ಬಾಡಿಗೆಯ ಚೌಕಾಸಿಯನ್ನು ಒಂದು ನಿಮಿಷ ನಿಲ್ಲಿಸಿ, ಗಾಡಿಯ ಒಳಗೆ ಬಗ್ಗಿ ನೋಡಿ. ತಳದಲ್ಲಿ ಬಳೆಗಳಿದ್ದರೆ ಡ್ರೈವರ್ ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚೇ ಕೊಡಿ.